ಪಂಕ್ಚರ್ ಅಂಗಡಿಯ ವಿದ್ಯೆ, ಜರ್ಮನಿಯ ಗ್ಯಾರೇಜು

ಜರ್ಮನಿಯಲ್ಲಿ ಕಾರಿಟ್ಟವರ ಮನೆಯಲ್ಲಿ ಎರಡು ಸೆಟ್ ಚಕ್ರ ಇರುವುದು ಮಾಮೂಲು, ಬೇಸಿಗೆಗೊಂದು ಚಳಿಗಾಲಕ್ಕೊಂದು. ಬರೀ ಎಂ+ಎಸ್ (ಮಡ್ ಆ್ಯಂಡ್ ಸ್ನೋ, ಅಂದರೆ ಕೆಸರು-ಹಿಮ) ಗುರುತಿನ ಟೈರು ಚಳಿಗಾಲಕ್ಕೆ ನಡೆದದ್ದು 2024ರ ಸೆಪ್ಟೆಂಬರ್ 30ರವರೆಗೆ ಮಾತ್ರ. ಈಗ ಶಿಖರದೊಳಗೆ ಹಿಮದ ಹರಳಿರುವ ಚಿಹ್ನೆ ಬೇಕು. ಹೀಗೆ ಮೂಲೆಗೆ ಬಿದ್ದ ಟೈರನ್ನು ಕಸದ ಕೇಂದ್ರಕ್ಕೆ ಒಯ್ದರೆ ನಾವೇ ದುಡ್ಡು ಕೊಡಬೇಕು, ರಿಮ್ ಸಮೇತ ಒಯ್ದರೆ ಎಷ್ಟೋ ಕಡೆ ಇನ್ನೂ ಜಾಸ್ತಿ. ಬರೀ ರಿಮ್ಮನ್ನಾದರೆ ಗುಜರಿಯವನು ಖುಷಿಯಿಂದ ತಗೊಳ್ಳುತ್ತಾನೆ. ಊರಲ್ಲಿ ಈ ಲೆಕ್ಕವೇ ಹುಟ್ಟುವುದಿಲ್ಲ, ಚಕ್ರ ಉರುಳಿಸಿಕೊಂಡು ಪಂಕ್ಚರ್ ಅಂಗಡಿಗೆ ಹೋದರಾಯಿತು.

ಇಲ್ಲಿ ಟೈರನ್ನು ರಿಮ್ಮಿನಿಂದ ಮನೆಯಲ್ಲೇ ಬಿಚ್ಚುವವರು ಮೊದಲು ಹುಡುಕುವುದು ಲೋಹ ಕೊಯ್ಯುವ ಗ್ರೈಂಡರ್. ರಿಮ್ ಗುಜರಿಗೇ ಹೋಗುವುದಾದರೆ ಟೈರನ್ನು ಕೊಯ್ದರೂ ನಡೆದೀತು, ಆದರೆ ಅದಕ್ಕೆ ಗ್ರೈಂಡರ್ ಬೇಕಿಲ್ಲ. ಎರಡೂ ಪಕ್ಕದ ಗೋಡೆಯನ್ನು ಸೋಪಿನ ನೀರು ಹಚ್ಚಿದ ಚಾಕುವಿನಿಂದ ಸುತ್ತ ಕೊಯ್ದರೆ ನೆಲಕ್ಕೆ ತಾಗುವ ಭಾಗ ಬಳೆಯಂತೆ ಕಳಚಿ ಬರುತ್ತದೆ. ಆ ಭಾಗಕ್ಕೆ ಚಾಕು ಹಾಕಬೇಡಿ, ಒಳಗೆ ಉಕ್ಕಿನ ಪಟ್ಟಿ ಇರುತ್ತದೆ. ಉಳಿದ ಅಂಚಿನ ತಂತಿಗೆ ಬೋಲ್ಟ್ ಕಟರ್ ಸಾಕು. ಗ್ರೈಂಡರ್ ಹಚ್ಚಿದರೆ ಕಿಡಿ, ರಬ್ಬರ್ ಹೊಗೆ. ಭಾನುವಾರವಾದರೆ ಪಕ್ಕದ ಮನೆಯವರ ದೂರು ಬೇರೆ. ರಿಮ್ ಉಳಿಸಿಕೊಳ್ಳಬೇಕೆಂದರೆ ಮಾತ್ರ ನಮ್ಮ ಹೆದ್ದಾರಿ ಬದಿಯ ಹಳೇ ಕೈಗಳ ದಾರಿಯೇ ಸರಿ ಎನ್ನುತ್ತೇನೆ.

ಆ ದಾರಿಯ ಗುಟ್ಟು ರಿಮ್ಮಿನ ನಡುವಿನ ತೋಡು. ಟೈರಿನ ಅಂಚಿಗೆ ಬೀಡ್ ಅನ್ನುತ್ತಾರೆ. ಒಳಗಿನ ಉಕ್ಕಿನ ತಂತಿ ಹಿಗ್ಗುವುದಿಲ್ಲ. ಬೀಡ್ ಕೂರುವ ಜಾಗಕ್ಕಿಂತ ರಿಮ್ಮಿನ ತುಟಿ ಸುಮಾರು 17 ಮಿ.ಮೀ. ಎತ್ತರ. ಹಿಗ್ಗದ ಬಳೆ ಆ ತುಟಿ ದಾಟಬೇಕಾದರೆ ಎದುರು ಬದಿಯ ಬೀಡ್ ತೋಡಿಗೆ ಇಳಿದು ಜಾಗ ಬಿಡಬೇಕು.

ಮೊದಲು ವಾಲ್ವ್ ಪಿನ್ ತಿರುಗಿಸಿ ತೆಗೆದು ಗಾಳಿ ಪೂರಾ ಇಳಿಸಿ. ಆಮೇಲೆ ಎರಡೂ ಕಡೆಯ ಬೀಡ್ ಬಿಡಿಸಬೇಕು. ಹಲಗೆ ಇಟ್ಟು ಕಾರು ಹತ್ತಿಸುವ ಉಪಾಯ ಇಲ್ಲಿ ಬಲು ಜನಪ್ರಿಯ, ಆದರೆ ಹಲಗೆ ಜಾರಿದರೆ ಅಲಾಯ್ ತುಟಿ ಮುಕ್ಕಾಗುತ್ತದೆ. ಟ್ರೇಲರ್ ಕೊಕ್ಕೆಯಿರುವ ಕಾರಾದರೆ ಚಕ್ರವನ್ನು ಅದರಡಿ ಮಲಗಿಸಿ, ರಿಮ್ಮಿನಿಂದ ಎರಡು ಬೆರಳು ಆಚೆ ರಬ್ಬರ್ ಮೇಲೆ ಜಾಕ್ ಇಟ್ಟು ಕೊಕ್ಕೆಗೆ ಒತ್ತುಕೊಡಿ. ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೈಕಾಲು ದೂರವಿರಲಿ. ಒಂದು ಗೇಣಿನಷ್ಟು ಬೀಡ್ ಕಳಚಿದ ಮೇಲೆ ಚಕ್ರ ತಿರುಗಿಸುತ್ತಾ ಸುತ್ತಲೂ ಒತ್ತಿ.

ಇನ್ನು ತೋಡು ಯಾವ ತುಟಿಗೆ ಹತ್ತಿರ ಎಂದು ನೋಡಿ, ಸಾಮಾನ್ಯವಾಗಿ ಹೊರಮುಖಕ್ಕೆ. ಆ ಬದಿ ಮೇಲಿರಲಿ. ಎರಡೂ ಬೀಡ್ ಅದೇ ಕಡೆಯಿಂದ ಬರಬೇಕು. ಸೋಪಿನ ನೀರು ಧಾರಾಳವಾಗಿ ಸುರಿಯಿರಿ. ಗ್ರೀಸ್ ಬೇಡ, ಅದು ರಿಮ್ಮಿನಲ್ಲಿ ಉಳಿದರೆ ಮುಂದೆ ಹಾಕುವ ಟೈರು ಜಾರೀತು. ಎದುರು ಬದಿಯನ್ನು ಎರಡು ಮೊಣಕಾಲಿನಿಂದ ತೋಡಿಗೆ ಅದುಮಿ, 40–50 ಸೆಂ.ಮೀ. ಉದ್ದದ ಲೀವರ್ ತೂರಿಸಿ ಎತ್ತಿ. ಎರಡನೆಯದನ್ನು ನಾಲ್ಕು ಬೆರಳಿನಷ್ಟು ಪಕ್ಕಕ್ಕೆ. ದುರಾಸೆಯಿಂದ ದೂರ ಹಾಕಿದರೆ ಲೀವರ್ ಚಿಮ್ಮಿ ಗದ್ದಕ್ಕೆ ಹೊಡೆಯುತ್ತದೆ. ಬಲ ಬಿಟ್ಟರೂ ಅಲುಗದಿದ್ದರೆ ಲೀವರ್ ಮೇಲೆ ಹತ್ತಿ ನಿಲ್ಲಬೇಡಿ. ಎದುರು ಬದಿ ತೋಡಿನಿಂದ ಮೇಲೆದ್ದಿದೆ ಎಂದೇ ಅರ್ಥ, ಮತ್ತೆ ಅದುಮಿ.

ಯುರೋಪಿನಲ್ಲಿ 2014ರ ನವೆಂಬರಿನಿಂದ ಹೊಸ ಕಾರಿಗೆಲ್ಲ ಗಾಳಿಯೊತ್ತಡದ ಎಚ್ಚರಿಕೆ ಕಡ್ಡಾಯ. ಕೆಲವು ಕಾರುಗಳಲ್ಲಿ ಅದರ ಸೆನ್ಸರ್ ವಾಲ್ವಿನ ಹಿಂದೆಯೇ ಕೂತಿರುತ್ತದೆ, ಅಲ್ಲಿ ಜಾಕೂ ಬೇಡ, ಲೀವರ್ ಆಳಕ್ಕೆ ತಳ್ಳುವುದೂ ಬೇಡ. ರನ್‌ಫ್ಲಾಟ್, ಅಂದರೆ ಗಾಳಿ ಹೋದರೂ ಓಡುವ ಟೈರಿನ ಪಕ್ಕದ ಗೋಡೆ ಕಲ್ಲಿನಂತೆ, ಅದನ್ನು ಅಂಗಡಿಗೇ ಕೊಡಿ.

ಬಿಚ್ಚಿದ ಟೈರನ್ನು ಕೇಂದ್ರಕ್ಕೆ ಒಯ್ಯುವವರೆಗೆ ಮಳೆ ಬೀಳದ ಕಡೆ ಇಡಿ. ಟೈರಿನೊಳಗೆ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಬೆಳೆಯುವುದು ಊರಿನವರಿಗೆ ಗೊತ್ತೇ ಇದೆ. ಅದರ ಸೋದರಿ ಟೈಗರ್ ಸೊಳ್ಳೆ ಈಗ ರೈನ್ ಕಣಿವೆಯಲ್ಲೂ ನೆಲೆಯೂರಿದೆ.