95ನೇ ನಿಮಿಷದ ಕೇಸರಿಬಾತ್

ಇಂಗ್ಲೆಂಡಿನ ಫುಟ್‌ಬಾಲ್‌ನ ಎರಡನೆಯ ದರ್ಜೆಯಲ್ಲಿ ಮೂರನೆಯ ಸ್ಥಾನಕ್ಕೆ ಬರುವುದಕ್ಕಿಂತ ದೊಡ್ಡ ಪೀಡೆ ಇನ್ನೊಂದಿಲ್ಲ. ಮೊದಲಿಬ್ಬರು ನೇರವಾಗಿ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆದು ಹೊರಟುಬಿಡುತ್ತಾರೆ. ಮೂರನೆಯವರನ್ನು ಮಾತ್ರ ತಮಗಿಂತ ಕೆಳಗಿನವರ ಜೊತೆ ಕಣಕ್ಕೆ ನೂಕಿ, ಉಳಿದ ಒಂದು ಜಾಗಕ್ಕೆ ಬಡಿದಾಡಿಕೊಳ್ಳಿ ಎನ್ನುತ್ತಾರೆ. ಇದೇ ಪ್ಲೇ-ಆಫ್. 1987ರಲ್ಲಿ ಇದನ್ನು ಶುರುಮಾಡಿದ ಪುಣ್ಯಾತ್ಮರು ಜನ್ಮದಲ್ಲಿ ಎಂದೂ ಮೂರನೆಯವರಾಗಿ ಬಂದಿರಲಿಕ್ಕಿಲ್ಲ.

ನಾವಿರುವುದು ಶೆಫೀಲ್ಡ್‌ನಲ್ಲಿ. ಪಕ್ಕದ ಮನೆಯ ಅಜ್ಜ ಶೆಫೀಲ್ಡ್ ಯುನೈಟೆಡ್‌ನ ಭಕ್ತ. ಎದುರು ಮನೆಯವನು ಬದ್ಧವೈರಿ ಶೆಫೀಲ್ಡ್ ವೆನ್ಸ್‌ಡೇಯ ಭಕ್ತ. 2025ರ ಮೇ ತಿಂಗಳಲ್ಲಿ ಯುನೈಟೆಡ್ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಪ್ಲೇ-ಆಫ್ ಫೈನಲ್ ತಲುಪಿದಾಗ ಅಜ್ಜನನ್ನು ಮನೆಗೆ ಕರೆದೆವು. ಸೋಲುವ ಮಾತೇ ಇರಲಿಲ್ಲ. ಲೀಗಿನಲ್ಲಿ ಯುನೈಟೆಡ್‌ಗೆ 90 ಅಂಕ, ಎದುರಾಳಿ ಸಂಡರ್‌ಲ್ಯಾಂಡ್‌ಗೆ 76. ಸೆಮಿಫೈನಲ್‌ನಲ್ಲಿ ಬ್ರಿಸ್ಟಲ್ ಸಿಟಿಯನ್ನು ಎರಡು ಪಂದ್ಯ ಸೇರಿ 6-0ರಿಂದ ಬಡಿದು ಬಂದಿದ್ದರು.

25ನೇ ನಿಮಿಷದಲ್ಲಿ ಟೈರೀಸ್ ಕ್ಯಾಂಪ್‌ಬೆಲ್ ಗೋಲು ಹೊಡೆದ. ನಾನು ಅಡುಗೆಮನೆಗೆ ಹೋಗಿ ತುಪ್ಪದಲ್ಲಿ ರವೆ ಹುರಿಯತೊಡಗಿದೆ. ನೀರು ಕುದಿದು ರವೆ ಬೆಂದ ಹೊತ್ತಿಗೆ ಎರಡನೆಯ ಗೋಲು! ಅಜ್ಜನ ಕೂಗಿಗೆ ಸಕ್ಕರೆ ಡಬ್ಬವನ್ನೇ ಬಾಣಲೆಗೆ ಬಗ್ಗಿಸಿದೆ. ಅಷ್ಟರಲ್ಲಿ ವಿಡಿಯೊ ರೆಫರಿಗಳು ಆಫ್‌ಸೈಡ್ ಎಂದು ಗೋಲನ್ನು ವಾಪಸ್ ಪಡೆದರು. ಬಿದ್ದ ಸಕ್ಕರೆಯನ್ನು ವಾಪಸ್ ಪಡೆಯುವ ತಂತ್ರಜ್ಞಾನ ಇನ್ನೂ ಬಂದಿಲ್ಲ.

76ನೇ ನಿಮಿಷದಲ್ಲಿ ಸಂಡರ್‌ಲ್ಯಾಂಡ್ ಸಮ ಮಾಡಿತು. ಅಜ್ಜನ ಕೈ ನಡುಗುವುದನ್ನು ನೋಡಲಾಗದೆ ತಟ್ಟೆ ಕೊಟ್ಟುಬಿಟ್ಟೆ. 95ನೇ ನಿಮಿಷ. ಟಾಮ್ ವಾಟ್ಸನ್ ಎಂಬ ಹುಡುಗ, ಬ್ರೈಟನ್ ಕ್ಲಬ್‌ಗೆ ಹೋಗುವುದು ಆಗಲೇ ಗೊತ್ತಾಗಿದ್ದವನು, ಪೆನಾಲ್ಟಿ ವಲಯದ ಆಚೆಯಿಂದ ಒದ್ದ ಚೆಂಡು ಬಲೆ ಸೇರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ಗಾದೆಯಾಗಿ ಕೇಳಿದ್ದೆ. ಅಂದು ಕಣ್ಣಾರೆ ಕಂಡೆ. ಚಮಚ ಅಜ್ಜನ ಗಲ್ಲದ ಹತ್ತಿರ ನಿಂತುಹೋಗಿತ್ತು, ಗೋಡಂಬಿ ಸಮೇತ.

“ಗೆದ್ದ ಮೇಲೆ ಒಲೆ ಹಚ್ಚಿದ್ದರೆ ಆಗುತ್ತಿರಲಿಲ್ಲವೇನ್ರೀ?” ಎಂದಳು ಹೆಂಡತಿ, ಕನ್ನಡದಲ್ಲಿ.

ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಹಳೆಯ ವೆಂಬ್ಲಿ ಒಡೆದು ಕಟ್ಟುತ್ತಿದ್ದಾಗ ಫೈನಲ್‌ಗಳು ಕಾರ್ಡಿಫ್‌ಗೆ ಹೋಗಿದ್ದವು. ಅಲ್ಲಿ ದಕ್ಷಿಣದ ಡ್ರೆಸಿಂಗ್ ರೂಮ್ ಸಿಕ್ಕ ತಂಡಗಳು ಸಾಲಾಗಿ ಸೋತವು. ಕೊನೆಗೆ ಚೀನೀ ವಾಸ್ತು ಬಲ್ಲವರನ್ನು ಕರೆಸಿ ದೋಷ ಪರಿಹಾರ ಮಾಡಿಸಿದರು. 2002ರ ಪ್ಲೇ-ಆಫ್‌ನಲ್ಲಿ ಸ್ಟೋಕ್ ಸಿಟಿ ಅದೇ ಕೋಣೆಯಿಂದ ಹೊರಟು ಗೆದ್ದಿತು. ನಮ್ಮ ಅಡುಗೆಮನೆಯೂ ದಕ್ಷಿಣಕ್ಕಿದೆ. ಅದನ್ನು ಅಜ್ಜನಿಗೆ ಹೇಳಲಿಲ್ಲ.

ಸಮಾಧಾನಕ್ಕೆ ಪ್ರೆಸ್ಟನ್ ಕಥೆ ತೆಗೆದೆ. ಒಂಬತ್ತು ಪ್ಲೇ-ಆಫ್‌ಗಳಲ್ಲಿ ಮುಗ್ಗರಿಸಿದ ತಂಡ 2015ರಲ್ಲಿ ಸ್ವಿಂಡನ್‌ ಅನ್ನು 4-0ರಿಂದ ಸೋಲಿಸಿ ಬಡ್ತಿ ಪಡೆದಿತ್ತು. “ಹತ್ತನೆಯದರಲ್ಲಿ ಗೆದ್ದರು ನೋಡಿ” ಎಂದೆ.

“ನಮಗೆ ಇದೇ ಹತ್ತನೆಯದು” ಎಂದ ಅಜ್ಜ ಎದ್ದು ಹೋದರು.

ಐದು ನಿಮಿಷವೂ ಆಗಿರಲಿಲ್ಲ, ಎದುರು ಮನೆಯವನು ಬಾಗಿಲು ತಟ್ಟಿದ. 2023ರ ಸೆಮಿಫೈನಲ್‌ನಲ್ಲಿ ಪೀಟರ್‌ಬರೊ ಎದುರು 0-4ರಿಂದ ಸೋತು ಬಂದು, ಮನೆಯಂಗಳದಲ್ಲಿ 5-1ರಿಂದ ತಿರುಗೇಟು ಕೊಟ್ಟು, ಪೆನಾಲ್ಟಿಯಲ್ಲಿ ಗೆದ್ದ ತಂಡದವನು. ಮುಖದ ತುಂಬ ಸಂತಾಪ ಸೂಚಿಸಿದ. ಎರಡು ತಟ್ಟೆ ಕೇಸರಿಬಾತ್ ಮುಗಿಸಿ, ಇದನ್ನು ಪ್ರತಿ ಮೇ ತಿಂಗಳೂ ಮಾಡುತ್ತೀರಾ ಎಂದು ಕೇಳಿದ.