ಕೊಡೋದಾದ್ರೆ ಮತ್ತೆ ಬಿತ್ತಬಹುದಾದ ಬೀಜ ಕೊಡಿ

ಇವತ್ತು ಬೆಳಿಗ್ಗೆ ನಮ್ಮ ಏರಿಯಾದ ಪಾರ್ಕಿನಲ್ಲಿ ಕೈತೋಟಕ್ಕೆ ಅಂತ ಬೀಜದ ಕಿಟ್ ಹಂಚಿದರು. ಎಷ್ಟು ಜನ ಬಂದಿದ್ದರು ಗೊತ್ತಾ! ವಯಸ್ಸಾದವರು, ಮಕ್ಕಳನ್ನು ಎತ್ತಿಕೊಂಡವರು, ಬಾಡಿಗೆ ಮನೆಯ ಬಾಲ್ಕನಿಯಲ್ಲೇ ಏನಾದ್ರೂ ಬೆಳೀಬೇಕು ಅನ್ನೋ ಹುಡುಗರು. ನೋಡಿ ನಿಜವಾಗಿಯೂ ಖುಷಿಯಾಯ್ತು.

ಮನೆಗೆ ಬಂದು ಟೊಮೆಟೊ ಪೊಟ್ಟಣ ಒಡೆದು ಅಂಗೈಗೆ ಸುರಿದುಕೊಂಡೆ. ಬೀಜ ಕಡು ಗುಲಾಬಿ ಬಣ್ಣ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 'ಎಫ್1 ಹೈಬ್ರಿಡ್, ಶಿಲೀಂಧ್ರನಾಶಕ ಲೇಪಿಸಿದೆ, ತಿನ್ನಬಾರದು' ಅಂತಿತ್ತು. ವೇದಿಕೆಯ ಬ್ಯಾನರಿನಲ್ಲಿ ಸಾವಯವ ಅಂತ ಬರೆದಿದ್ದರು. ಆಗಿನಿಂದ ನನ್ನ ಸಿಟ್ಟು ಇಳಿದಿಲ್ಲ.

ಹೈಬ್ರಿಡ್ ಅಂದ್ರೆ ಎರಡು ಬೇರೆ ತಳಿ ಬೆರೆಸಿ ಮಾಡಿದ ಬೀಜ. ಅದರ ಗಿಡದ ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ತಾಯಿಯಂಥ ಗಿಡ ಬರೋದಿಲ್ಲ. ಒಂದೊಂದು ಒಂದೊಂದು ಥರ. ಅಂದ್ರೆ ಕಿಟ್ ತಗೊಂಡುಹೋದ ಅಜ್ಜಿ ಇಷ್ಟಪಟ್ಟು ಬೆಳೆದರೂ ಮುಂದಿನ ವರ್ಷ ಮತ್ತೆ ಪೊಟ್ಟಣಕ್ಕೇ ಕಾಯಬೇಕು. ಯಾರೂ ಹಂಚದಿದ್ದರೆ ಅಂಗಡಿಗೆ ಹೋಗಬೇಕು. ಇದಕ್ಕೆ ಕೈತೋಟಕ್ಕೆ ಪ್ರೋತ್ಸಾಹ ಅಂತ ಹೇಗೆ ಹೇಳೋದು?

ಹೈಬ್ರಿಡ್‌ಗೆ ಇಳುವರಿ ಜಾಸ್ತಿ, ರೋಗ ಕಡಿಮೆ ಅಂತ ಅಲ್ಲೇ ಒಬ್ಬರು ನನಗೆ ಹೇಳಿದರು. ಒಪ್ಪಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್ಡೇ, ಮೂರು ರೋಗ ತಡೆದುಕೊಳ್ಳುತ್ತದೆ. ಎಕರೆಗಟ್ಟಲೆ ಬೆಳೆದು ಸಾಲ ತೀರಿಸಬೇಕಾದ ರೈತನಿಗೆ ಅದು ಬೇಕು. ತಾರಸಿಯ ನಾಲ್ಕು ಕುಂಡಕ್ಕೆ ಬೇಕಾ? ಅದೇ ಐಐಎಚ್‌ಆರ್‌ನ ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಸುಗುಣ ಹರಿವೆ ಹೈಬ್ರಿಡ್ ಅಲ್ಲ. ಬೀಜ ಹಿಡಿದಿಟ್ಟು ಮತ್ತೆ ಬಿತ್ತಬಹುದು. ನಾಟಿ ಬೀಜ ಸಿಗಲಿಲ್ಲ ಅಂದ್ರೆ ಅದನ್ನಾದರೂ ಕೊಡಬಹುದಿತ್ತಲ್ವಾ?

ನಾನು ಶಿರಸಿ ಕಡೆಯವಳು ಅಂತ ನಿಮಗೆಲ್ಲ ಗೊತ್ತೇ ಇದೆ. ನಮ್ಮ ದೊಡ್ಡಮ್ಮ ಬಲಿತ ಮೊಗೆಕಾಯಿಯ ಬೀಜ ತೊಳೆದು, ಬೂದಿ ಹಚ್ಚಿ, ಸಗಣಿ ಉಂಡೆಗೆ ಒತ್ತಿ ಕೊಟ್ಟಿಗೆ ಗೋಡೆಗೆ ತಟ್ಟಿಬಿಡುತ್ತಿದ್ದಳು. ಮಳೆ ಹಿಡಿಯುವ ಹೊತ್ತಿಗೆ ಆ ಬೆರಣಿಯನ್ನು ಕಿತ್ತು, ಪುಡಿ ಮಾಡಿ ಬಿತ್ತುವುದು. ಹುಳ ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳ ಜೊತೆ ಬೀಜವೂ ಊರು ಬದಲಾಯಿಸುತ್ತಿತ್ತು. ದೊಡ್ಡಮ್ಮ ತೀರಿಹೋದ ಮೇಲೆ ಆ ಮನೆಯಿಂದ ನಾನು ಕೇಳಿ ತಂದಿದ್ದು ಬೀಜದ ಡಬ್ಬ ಒಂದೇ.

ನಮ್ಮಲ್ಲಿ ಇದನ್ನು ಸರಿಯಾಗಿ ಮಾಡುತ್ತಿರುವವರು ಇದ್ದಾರೆ. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಮಲೆನಾಡು ಮೇಳದಲ್ಲಿ ತಮ್ಮ ಹಿತ್ತಲಿನ ಬೀಜ, ಗಡ್ಡೆ ತಂದು ಇಡುತ್ತಾರೆ. ಮೇಳ ನಡೆಯೋದು ಮಳೆಗಾಲಕ್ಕೆ ಮುಂಚೆ, ಬಿತ್ತನೆಗೆ ಸರಿಯಾಗಿ. ಯಾವಾಗ ಬಿತ್ತಬೇಕು, ಚಪ್ಪರ ಬೇಕಾ, ಪಲ್ಯ ಚೆನ್ನಾಗೋ ಹುಳಿ ಚೆನ್ನಾಗೋ, ಎಲ್ಲಾ ಬೆಳೆದವರೇ ಹೇಳುತ್ತಾರೆ. ಸಾವಯವ ಕೃಷಿಕರ ಬಳಗ ಸಹಜ ಸಮೃದ್ಧದ ಬೀಜ ಮೇಳಗಳಲ್ಲೂ ಹಾಗೇ. ಬೆಂಗಳೂರಿನಲ್ಲೇ 2011ರಲ್ಲಿ ಶುರುವಾದ 'ಊಟ ಫ್ರಮ್ ಯುವರ್ ತೋಟ' ಅನ್ನೋ ತಾರಸಿ ತೋಟಗಾರರ ಮೇಳ ಇದೆ. ತಾರಸಿ ತೋಟದ ಡಾ. ಬಿ.ಎನ್. ವಿಶ್ವನಾಥ್ ಅವರು ಈ ಊರಿನ ಎಷ್ಟೋ ಜನರ ಕೈಗೆ ಮಣ್ಣು ಹಚ್ಚಿದ್ದಾರೆ. ಬೀಜ ಹಂಚುವ ಮೊದಲು ಇಂಥವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಬೀಜ ಹಿಡಿಯೋದು ಕಷ್ಟವೂ ಅಲ್ಲ. ಅಲಸಂದೆ, ಟೊಮೆಟೊ ಬಹುಪಾಲು ತಮ್ಮ ಹೂವಿನಲ್ಲೇ ಪರಾಗ ಮುಗಿಸಿಕೊಳ್ಳುತ್ತವೆ, ಹೊಸಬರಿಗೆ ಅವೇ ಸುಲಭ. ಹೀರೆಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟರೆ ಆಯ್ತು, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಪಕ್ಕದ ಮನೆಯಲ್ಲಿ ಬೇರೆ ಜಾತಿಯ ಹೀರೆ ಇದ್ದರೆ ಮಾತ್ರ ಜೇನುಹುಳು ಬೆರಕೆ ಮಾಡಿಬಿಡುತ್ತದೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಿಟ್ಟಿಗೆ ಹಾಕಬಹುದಿತ್ತು. ಹಂಚಿದವರಿಗೂ ಇದನ್ನೇ ಬರೆದು ಕಳಿಸಿದ್ದೇನೆ. ಉತ್ತರ ಬರೋವರೆಗೂ ಕೇಳ್ತಾನೇ ಇರ್ತೀನಿ.

ಸದ್ಯಕ್ಕೆ ನನ್ನ ಹತ್ರ ನಾಟಿ ಹೀರೆ, ಕೆಂಪು ಹರಿವೆ, ಅಲಸಂದೆ ಬೀಜ ಇದೆ. ಬಸಳೆ ದಂಟೂ ಕೊಡ್ತೀನಿ. ಬೇಕಾದವರು ಮೆಸೇಜ್ ಮಾಡಿ. ದುಡ್ಡು ಬೇಡ. ಮೊದಲ ಕಾಯಿ ಎಷ್ಟೇ ಚೆನ್ನಾಗಿದ್ದರೂ ಕೊಯ್ಯದೆ ಬೀಜಕ್ಕೆ ಬಿಡಬೇಕು, ಅದರಲ್ಲಿ ಅರ್ಧ ಪಕ್ಕದ ಮನೆಗೆ ಕೊಡಬೇಕು.