ಒದ್ದೆ ಚಡ್ಡಿ, ಒಣ ಉಪದೇಶ

ನಿನ್ನೆ ತಿಪಟೂರಿನಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ನಾಮಕರಣ. ಹೋಳಿಗೆ ಚೆನ್ನಾಗಿತ್ತು, ತೊಟ್ಟಿಲ ಅಲಂಕಾರ ಚೆನ್ನಾಗಿತ್ತು, ನನ್ನ ತಲೆ ಮಾತ್ರ ಇನ್ನೂ ತಣ್ಣಗಾಗಿಲ್ಲ. ಅದಕ್ಕೇ ಬರೀತಿದೀನಿ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಕೂಸಿಗೊಬ್ಬ ಅಣ್ಣ ಇದಾನೆ. ಇನ್ನೂ ನಾಲ್ಕು ತುಂಬಿಲ್ಲ. ಹೆಸರು ಬೇಡ, ಪುಟ್ಟ ಅನ್ನೋಣ. ಎಲ್ಲರೂ ತೊಟ್ಟಿಲ ಸುತ್ತ ಮುಗಿಬಿದ್ದು ಕೂಸಿನ ಕಿವಿಯಲ್ಲಿ ಹೆಸರು ಹೇಳ್ತಿರೋ ಹೊತ್ತಲ್ಲಿ ಅವನು ಜಮಖಾನದ ಮೇಲೆ ನಿಂತಲ್ಲೇ ಉಚ್ಚೆ ಮಾಡಿಕೊಂಡ. ಆಗಿದ್ದು ಇಷ್ಟೇ. ಒಂದು ಒರೆಸೋ ಬಟ್ಟೆ, ಒಂದು ಒಣ ಚಡ್ಡಿ, ಎರಡು ನಿಮಿಷದ ಕೆಲಸ. ನಮ್ಮವರು ಅಷ್ಟಕ್ಕೆ ಬಿಡ್ತಾರಾ? "ಅಯ್ಯೋ ಕರ್ಮವೇ, ಅಣ್ಣ ಆಗಿದೀಯ, ನಾಚಿಕೆ ಆಗಲ್ವೇನೋ? ನೋಡು, ಪಾಪು ನಿನ್ನ ನೋಡಿ ನಗ್ತಿದೆ!" ಅಂತ ಒಬ್ಬ ದೊಡ್ಡಮ್ಮ. ತಿಂಗಳು ತುಂಬದ ಕೂಸಿಗೆ ಯಾರನ್ನೋ ನೋಡಿ ನಗೋಷ್ಟು ಬುದ್ಧಿ ಬಂದಿತ್ತಂತೆ. ಎಪ್ಪತ್ತರ ದೊಡ್ಡಮ್ಮನಿಗೆ ನಗಬಾರದು ಅನ್ನೋಷ್ಟು ಬಂದಿರಲಿಲ್ಲ. "ಇವನಿಗೂ ಒಂದು ತೊಟ್ಟಿಲು ಕಟ್ರೋ" ಅಂತ ಇನ್ನೊಬ್ಬರು. ಒಬ್ಬ ಮಾವ ಮೊಬೈಲಲ್ಲಿ ವಿಡಿಯೋ ತೆಗೆದು, ಎಲೆ ಹಾಕೋದ್ರೊಳಗೆ ಫ್ಯಾಮಿಲಿ ಗ್ರೂಪಿಗೆ ಏರಿಸಿಯೂ ಆಗಿತ್ತು.

ಪುಟ್ಟ ಹೋಗಿ ಮಂಚದ ಕೆಳಗೆ ಕೂತ. ಹೋಳಿಗೆ ತೋರಿಸಿದರೂ ಈಚೆ ಬರಲಿಲ್ಲ. ಅವನಮ್ಮ ಕೂಸಿಗೆ ಹಾಲು ಕುಡಿಸ್ತಾ ಸಣ್ಣ ದನಿಯಲ್ಲಿ ಹೇಳಿದಳು: "ಬೆಂಗಳೂರಲ್ಲಿ ಎಲ್ಲ ಕಲಿತಿದ್ದ ಅಕ್ಕಾ. ಇಲ್ಲಿಗೆ ಬಂದಮೇಲೆ ಬೇಕಂತಲೇ ಮಾಡ್ತಾನೆ."

ಬೇಕಂತಲೇ! ನಾನು ಮಕ್ಕಳ ವಾರ್ಡಲ್ಲಿ ನರ್ಸ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವಳು ಅಂತ ನಿಮಗೆಲ್ಲ ಗೊತ್ತು. ಈ ಮಾತನ್ನ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಪುಟ್ಟನ ಕಡೆಯಿಂದ ಒಂದು ಸಲ ಲೆಕ್ಕ ಹಾಕಿ. ಅಮ್ಮನ ಬಾಣಂತನ ಅಂತ ಅವನನ್ನ ಊರಿಗೆ ತಂದರು. ಅಪ್ಪ ಬೆಂಗಳೂರಲ್ಲೇ ಉಳಿದ. ಸ್ಕೂಲು ಬಿಟ್ಟುಹೋಯ್ತು, ಮಲಗೋ ಜಾಗ ಬದಲಾಯ್ತು, ಅಮ್ಮನ ಮಗ್ಗುಲಿಗೆ ಹೊಸಬಳು ಬಂದಳು. ಬಾಣಂತಿ ಕೋಣೆಗೆ ನುಗ್ಗಬೇಡ ಅಂತ ಗದರಿಕೆ ಬೇರೆ. ಬಂದವರೆಲ್ಲ ಕೂಸಿಗೆ ಉಡುದಾರ, ಬೆಳ್ಳಿ ಬಟ್ಟಲು ತರ್ತಾರೆ, ಇವನ ಕೆನ್ನೆ ಹಿಂಡಿ "ಇನ್ಮೇಲೆ ನಿನ್ನ ಯಾರೂ ಮುದ್ದು ಮಾಡಲ್ಲ ಬಿಡು" ಅಂತ ಹಲ್ಲು ಕಿರೀತಾರೆ. (ಇದು ನಮ್ಮ ಕಡೆ ತಮಾಷೆಯಂತೆ.) ಇಷ್ಟೆಲ್ಲ ಆದಮೇಲೂ ಚಡ್ಡಿ ಒಣಗಿರಬೇಕು ಅಂದ್ರೆ ಹೇಗೆ? ತಮ್ಮನೋ ತಂಗಿಯೋ ಹುಟ್ಟಿದಾಗ, ಮನೆ ಬದಲಾದಾಗ, ಕಾಯಿಲೆ ಬಿದ್ದೆದ್ದಾಗ ಕಲಿತದ್ದು ಸ್ವಲ್ಪ ದಿನ ಕೈತಪ್ಪೋದು ಮಕ್ಕಳ ಡಾಕ್ಟರುಗಳಿಗೆ ತೀರಾ ಮಾಮೂಲಿ ವಿಷಯ. ನೆಂಟರಿಗೆ ಮಾತ್ರ ಅದು ಹಠ.

ಊರಮನೆ ಕಕ್ಕಸು ಹಿತ್ತಿಲಲ್ಲಿದೆ, ಕತ್ತಲು. ಫ್ಲ್ಯಾಟಿನ ಕಮೋಡಲ್ಲಿ ಕೂತು ಕಲಿತ ಹುಡುಗನಿಗೆ ಆ ಗುಂಡಿ ಕಂಡರೆ ಜೀವ ಹೋಗತ್ತೆ. ಹಾಗಾಗಿ ಕಕ್ಕ ಬಂದರೂ ತಡೀತಾನೆ. ಬಾಗಿಲ ಹಿಂದೆ ಹೋಗಿ, ಕಾಲು ಕತ್ತರಿ ಹಾಕಿ, ತುದಿಗಾಲಲ್ಲಿ ನಿಂತು, ಮುಖ ಕೆಂಪಗೆ ಮಾಡಿಕೊಳ್ತಾನೆ. ನೋಡಿದವರು ಮುಕ್ಕರೀತಿದಾನೆ ಅಂದ್ಕೋತಾರೆ. ಅವನು ಒಳಗೇ ಇಟ್ಕೊಳ್ಳೋಕೆ ಒದ್ದಾಡ್ತಿರ್ತಾನೆ. ತಡೆದಷ್ಟೂ ಅದು ಗಟ್ಟಿಯಾಗತ್ತೆ, ಗಟ್ಟಿಯಾದಷ್ಟೂ ಹೋಗುವಾಗ ನೋವು, ನೋವಾದ್ದರಿಂದ ನಾಳೆ ಇನ್ನೂ ಜಾಸ್ತಿ ತಡೀತಾನೆ. ತಿಂಗಳುಗಟ್ಟಲೆ ಹೀಗಾದರೆ ಕೊನೆಯ ಕರುಳು ಹಿಗ್ಗಿ, ತುಂಬಿದೆ ಅನ್ನೋ ಅರಿವೇ ಮಂಕಾಗತ್ತೆ. ಆಮೇಲೆ ಒಳಗೆ ಕೂತ ಗಟ್ಟಿಯ ಪಕ್ಕದಿಂದ ನೀರುನೀರಾಗಿ ಚಡ್ಡಿಗೆ ಸೋರತ್ತೆ, ಮಗುವಿಗೆ ಗೊತ್ತೂ ಆಗಲ್ಲ. ಮನೆಯವರು ಅದನ್ನ ಭೇದಿ ಅಂದ್ಕೊಂಡು ಭೇದಿ ನಿಲ್ಲಿಸೋ ಔಷಧಿ ಕುಡಿಸ್ತಾರೆ! ಆಗಬೇಕಾದ್ದು ಮಲಬದ್ಧತೆಗೆ ಚಿಕಿತ್ಸೆ, ಆಗೋದು ಉಲ್ಟಾ. ತುಂಬಿದ ಕರುಳು ಮೂತ್ರಕೋಶವನ್ನೂ ಒತ್ತೋದ್ರಿಂದ ಉಚ್ಚೆಯೂ ನಿಲ್ಲಲ್ಲ. ಇಂಥ ಮಕ್ಕಳನ್ನ "ಸೋಂಬೇರಿ, ಗಲೀಜು" ಅಂತ ಬೈದು ಬೈದು ಕೊನೆಗೆ ಆಸ್ಪತ್ರೆಗೆ ಕರೆತಂದವರನ್ನ ಎಷ್ಟು ಜನರನ್ನ ನೋಡಿದೀನೋ. ಹೊಟ್ಟೆ ಮುಟ್ಟಿದರೆ ಉಂಡೆ ಉಂಡೆ ಕೈಗೆ ಸಿಗ್ತಿತ್ತು.

ಇನ್ನೂ ಒಂದು. ಒಣಗಿದ್ದ ಮಗು ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡೋಕೆ ಶುರು ಮಾಡಿ, ಚೊಂಬುಗಟ್ಟಲೆ ನೀರು ಕುಡೀತಾ, ಮೈ ಇಳೀತಾ ಬಂದರೆ ಅವತ್ತೇ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಉಚ್ಚೆ ಮಾಡುವಾಗ ಉರಿ ಅಂದರೆ ಮೂತ್ರ ಪರೀಕ್ಷೆ. ನಾಚಿಕೆಪಡಿಸೋದ್ರಿಂದ ಇನ್ಸುಲಿನ್ ಹುಟ್ಟಿದ್ದನ್ನ ನಾನಂತೂ ನೋಡಿಲ್ಲ.

ಸ್ಕೂಲುಗಳೇನು ಕಮ್ಮಿ ಇಲ್ಲ. ಪುಟ್ಟ ಹೋಗ್ತಿದ್ದ ಕಡೆ ಕಿರುಬೆರಳು ತೋರಿಸಿದರೆ "ಬ್ರೇಕ್ ತನಕ ತಡ್ಕೋ" ಅನ್ನೋರಂತೆ. ಮೂರು ವರ್ಷದ ಮಗುವಿಗೆ! ಸ್ಟಾಫ್ ಮೀಟಿಂಗಲ್ಲಿ ಆ ಮಿಸ್ಸುಗಳನ್ನೂ ಹೀಗೇ ಕೂರಿಸಿ ನೋಡಬೇಕು. ಒದ್ದೆ ಮಾಡಿಕೊಂಡವರನ್ನ ಬೇರೆ ಮಕ್ಕಳ ಮುಂದೆ ನಿಲ್ಲಿಸೋದೂ ಇದೆಯಂತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಆ ಕಾಯ್ದೆಯಲ್ಲಿ ಮಗು ಅಂದ್ರೆ 6ರಿಂದ 14 ವರ್ಷದವರು. ಚಡ್ಡಿ ಒದ್ದೆಯಾಗೋ ವಯಸ್ಸಿನವರು ಅದರ ಲೆಕ್ಕಕ್ಕೇ ಇಲ್ಲ.

"ನಮ್ಮ ಕಾಲದಲ್ಲಿ ಒಂದೂವರೆ ವರ್ಷಕ್ಕೇ ಎಲ್ಲ ಕಲಿತಿದ್ವಿ, ಈಗಿನವರು ಡೈಪರ್ ಹಾಕಿ ಹಾಳು ಮಾಡಿದಾರೆ" ಅಂತ ದೊಡ್ಡಮ್ಮನ ವಾದ. ಇದರಲ್ಲಿ ಚೂರು ಹುರುಳಿದೆ, ಒಪ್ಪಿಕೊಳ್ತೀನಿ. ಹಾಲು ಕುಡಿದ ಕೂಸನ್ನ ಚಾಚಿದ ಕಾಲುಗಳ ಮೇಲೆ ಕೂರಿಸಿಕೊಂಡು "ಶ್ಶ್ ಶ್ಶ್" ಅಂತಿದ್ದ ಅಜ್ಜಿಯರ ವಿದ್ಯೆ ಸುಳ್ಳಲ್ಲ. ಆದರೆ ಅಲ್ಲಿ ಕಲಿತಿದ್ದು ಯಾರು? ಮಗುವಲ್ಲ, ಅಜ್ಜಿ! ಮುಖ ಕಿವುಚಿದ್ದು ನೋಡಿ ಹೊತ್ತು ಹಿಡೀತಿದ್ದಳು. ಜಾರಿದರೆ ಕೆಂಪು ರೆಡ್ ಆಕ್ಸೈಡ್ ನೆಲ, ಒರೆಸಿದರೆ ಮುಗೀತು, ಒರೆಸೋಕೆ ಮನೆ ತುಂಬ ಕೈಗಳು. ಅಮೆರಿಕದ ಮಕ್ಕಳ ವೈದ್ಯ ಬೆರ್ರಿ ಬ್ರೆಜಲ್ಟನ್ 1962ರಲ್ಲಿ 1,170 ಮಕ್ಕಳ ವಿವರ ಪ್ರಕಟಿಸಿದರು. ಒತ್ತಾಯ ಮಾಡದೆ ಮಗುವಿನ ತಯಾರಿ ನೋಡಿಕೊಂಡು ಕಲಿಸಿದಾಗ ಹಗಲು ಹಿಡಿತ ಬಂದದ್ದು ಸರಾಸರಿ 28.5 ತಿಂಗಳಿಗೆ. ಸರಾಸರಿ ಅಂದ್ರೆ ಅದರ ಆಚೆಗೂ ಬೇಕಾದಷ್ಟು ಮಕ್ಕಳಿದ್ರು ಅಂತ. ನಮ್ಮಜ್ಜಿಗೆ ಈ ಮಹಾಶಯರು ಗೊತ್ತಿರಲಿಲ್ಲ, ಆದರೂ ಇಬ್ಬರಲ್ಲಿ ಯಾರೂ ಮಗುವನ್ನ ಹತ್ತು ಜನರ ಮುಂದೆ ನಿಲ್ಲಿಸಿ ಮಾನ ಕಳೆಯಿರಿ ಅನ್ನಲಿಲ್ಲ.

ಈಗ ಇಲ್ಲಿವರೆಗೂ ಯಾರಿಗೂ ಹೇಳದ್ದು ಹೇಳ್ತೀನಿ. ನಾನು ಐದನೇ ಕ್ಲಾಸಿನವರೆಗೂ ಹಾಸಿಗೆ ಒದ್ದೆ ಮಾಡ್ತಿದ್ದೆ. ನಗೋರು ನಗಿ. ಬೇಸಿಗೆ ರಜೆಗೆ ಅತ್ತೆ ಮನೆಗೆ ಕಳಿಸ್ತೀನಿ ಅಂದ್ರೆ ಸುಳ್ಳು ಜ್ವರ ಬರಿಸಿಕೊಳ್ತಿದ್ದೆ. ಹಾಸಿಗೆ ಬಿಸಿಲಿಗೆ ಹಾಕಿದ ದಿನ ಇಡೀ ಬೀದಿಗೆ ಸಮಾಚಾರ. "ಸೌಟು ಕಾಯಿಸಿ ಬರೆ ಹಾಕ್ತೀನಿ" ಅಂತ ಅಪ್ಪ ಹೆದರಿಸಿದ ರಾತ್ರಿ ನಿದ್ದೆಯೇ ಬರಲಿಲ್ಲ, ಬೆಳಗಿನ ಜಾವ ಬಂತು, ಅದರ ಜೊತೆ ಅದೂ ಬಂತು. ಕೊನೆಗೊಂದು ದಿನ ಅಜ್ಜಿ ಅಡುಗೆಮನೆಯಿಂದಲೇ ಕೂಗಿದಳು: "ನೀನು ಹೈಸ್ಕೂಲಿಗೆ ಹೋಗೋತನಕ ಹೊಯ್ಕೊಂಡಿದ್ದು ಮರೆತೋಯ್ತೇನೋ?" ಅಪ್ಪ ಆಮೇಲೆ ಆ ವಿಷಯ ಎತ್ತಲಿಲ್ಲ. ಇದು ವಂಶದಲ್ಲಿ ಬರತ್ತೆ ಅಂತ ನರ್ಸಿಂಗ್ ಓದುವಾಗ ಪುಸ್ತಕದಲ್ಲಿ ಕಂಡಾಗ ಹಾಸ್ಟೆಲಲ್ಲಿ ಒಬ್ಬಳೇ ನಕ್ಕಿದ್ದೆ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ರಾತ್ರಿ ಒದ್ದೆ ಮಾಡ್ತಾರೆ. ಐದು ತುಂಬೋವರೆಗೆ ವೈದ್ಯರು ಅದನ್ನ ತೊಂದರೆ ಅಂತ ಕರೆಯೋದೇ ಇಲ್ಲ.

ನಿನ್ನೆ ನಾನೇನು ಮಾಡಿದೆ ಅಂತ ಕೇಳ್ತೀರಾ? ಮಾವನ ಕೈಯಿಂದ ಮೊಬೈಲ್ ಕಿತ್ತು ವಿಡಿಯೋ ಅಳಿಸಿದೆ. ಊಟದ ಮನೆ ಗಪ್‌ಚುಪ್. ಪುಟ್ಟನ ಅಮ್ಮನಿಗೆ ಹೇಳಿ ಬಂದೆ: ಕಕ್ಕಸಿಗೆ ಒಂದು ಒಳ್ಳೇ ಬಲ್ಬು ಹಾಕಿಸು, ಅಲ್ಲೀತನಕ ಬಚ್ಚಲಲ್ಲೇ ಪಾಟಿ ಇಡು, ತಿಂಡಿ ಆದಮೇಲೆ ಐದು ನಿಮಿಷ ಕೂರಿಸು, ಕಾಲು ಊರೋಕೆ ಮಣೆ ಕೊಡು. ನೇತಾಡೋ ಕಾಲಲ್ಲಿ ಮುಕ್ಕರಿಯೋಕಾಗಲ್ಲ. ಹಾಲು ಕಮ್ಮಿ ಮಾಡು, ಬಿಸ್ಕತ್ತಿನ ಬದಲು ಪರಂಗಿ ಹಣ್ಣು ಕೊಡು. ವಾರದಲ್ಲಿ ಸರಿಹೋಗದಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗು, ಮಂತ್ರ ಹಾಕೋರ ಹತ್ರ ಅಲ್ಲ. ಅವಳು ತಲೆ ಆಡಿಸಿದಳು. ದೊಡ್ಡಮ್ಮ ನನ್ನ ಹತ್ರ ಮಾತು ಬಿಟ್ಟಿದಾರೆ, ಬಿಡಲಿ.

ಇನ್ನು "ನಮ್ಮ ಮಗ ಒಂಬತ್ತು ತಿಂಗಳಿಗೇ ಎಲ್ಲ ಕಲಿತಿದ್ದ" ಅಂತ ಕಾಮೆಂಟ್ ಹಾಕೋಕೆ ಬೆರಳು ತುರಿಸ್ತಿರೋರು ದಯವಿಟ್ಟು ಹಾಕಿ. ಜೊತೆಗೆ ಆ ಮಗನನ್ನೂ, ಅವನ ಹೆಂಡತಿಯನ್ನೂ, ಅವನ ಆಫೀಸಿನವರನ್ನೂ ಟ್ಯಾಗ್ ಮಾಡಿ.